ಕಿತ್ತೂರಿನಲ್ಲಿ ಸತ್ತ ಥ್ಯಾಕರೆಗೂ ಕಾದಂಬರಿ ಬರೆದ ಥ್ಯಾಕರೆಗೂ ನಂಟಿದೆಯೇ?

ಹೊಂಗಲದ ಅಕ್ಕ:
ನಿವೃತ್ತಿಯಾದ ಮೇಲೆ ಇಂಗ್ಲಿಷ್ ಕಾದಂಬರಿ ಓದುವ ಚಟ ಅಂಟಿಕೊಂಡಿದೆ. ಕಳೆದ ತಿಂಗಳು ಬೆಳಗಾವಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಅರವತ್ತು ರೂಪಾಯಿಗೆ ‘ವ್ಯಾನಿಟಿ ಫೇರ್’ ಸಿಕ್ಕಿತು. ಬರೆದವನು ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಬೈಲಹೊಂಗಲದಲ್ಲಿ ಬೆಳೆದವಳಿಗೆ ಆ ಹೆಸರು ಹೊಸದೇ? ಶಾಲೆಯ ಗ್ಯಾದರಿಂಗ್‌ನಲ್ಲಿ ಪ್ರತಿ ವರ್ಷವೂ ಚನ್ನಮ್ಮನ ನಾಟಕ. ನಾನು ಉದ್ದಕ್ಕಿದ್ದೆನೆಂದು ಥ್ಯಾಕರೆ ಪಾತ್ರ ನನಗೇ ಕಟ್ಟಿಟ್ಟದ್ದು. ಅಣ್ಣನ ಖಾಕಿ ಪ್ಯಾಂಟು, ರಟ್ಟಿನ ಟೋಪಿ. ಎರಡು ಮಾತು ಗದರಿಸಿ ಗುಂಡು ತಾಗಿ ಬೀಳುವುದಷ್ಟೇ ಕೆಲಸ. ನಾನು ಬಿದ್ದಾಗಲೇ ಹೆಚ್ಚು ಚಪ್ಪಾಳೆ.

ಈಗ ಅದೇ ಹೆಸರಿನವನ ಪುಸ್ತಕ ಓದುತ್ತ ನಡುರಾತ್ರಿ ಒಬ್ಬಳೇ ನಗುತ್ತೇನೆ. ಜೋಸ್ ಸೆಡ್ಲಿ ಎಂಬ ಠೊಣಪ ಕಂಪನಿ ಸರಕಾರದ ಕಲೆಕ್ಟರ್. ಊಟದಲ್ಲಿ ಶೂರ, ಹೆಂಗಸರೆದುರು ಪುಕ್ಕಲ. ಅವನನ್ನು ಮೆಚ್ಚಿಸಹೊರಟ ಬೆಕಿ ಎಂಬ ಹುಡುಗಿ, ‘ಚಿಲಿ’ ಎಂಬ ಹೆಸರು ತಂಪಾಗಿ ಕೇಳಿಸಿತೆಂದು ಮೆಣಸಿನಕಾಯಿ ಬಾಯಿಗಿಟ್ಟು ಒದ್ದಾಡುತ್ತಾಳೆ. ನಮ್ಮ ಕಡೆ ಒಂದು ವಾರ ಇದ್ದಿದ್ದರೆ ರೂಢಿಯಾಗುತ್ತಿತ್ತು. ಇರಲಿ. ಇಬ್ಬರೂ ಒಂದೇ ಮನೆತನದವರೇ?

ಕೋಟೆ ಕೆರೆ, ಬೆಳಗಾವಿ:
ಹೌದು ಅಕ್ಕಾವರೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಕಾದಂಬರಿಕಾರನ ಚಿಕ್ಕಪ್ಪ. ಕಾದಂಬರಿಕಾರ ಹುಟ್ಟಿದ್ದು 1811ರಲ್ಲಿ, ಕಲ್ಕತ್ತೆಯಲ್ಲಿ. ಅಪ್ಪ ರಿಚ್ಮಂಡ್ ಕೂಡ ಕಂಪನಿಯ ನೌಕರ. ಅಪ್ಪ ತೀರಿಕೊಂಡ ಮೇಲೆ ಐದು ವರ್ಷದ ಹುಡುಗನನ್ನು ಇಂಗ್ಲೆಂಡಿನ ಹಡಗು ಹತ್ತಿಸಿದರು. ಕಿತ್ತೂರಿನ ಸುದ್ದಿಯ ಹೊತ್ತಿಗೆ ಹದಿಮೂರರ ಹುಡುಗ, ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿದ್ದ. ಹಾಗೆಂದು ಜೋಸ್ ಸೆಡ್ಲಿಯೇ ಆ ಚಿಕ್ಕಪ್ಪ ಎಂದು ಎಳೆದು ಕಟ್ಟಬೇಡಿ. ಅಂಥ ಸಾಹೇಬರು ಅವನ ಬಳಗದಲ್ಲೇ ಬೇಕಾದಷ್ಟು ಇದ್ದರು.

ಗುಮ್ಮಟದ ನೆರಳು, ವಿಜಯಪುರ:
ಸತ್ತವನದು ಹಾಗಿರಲಿ, ಉಳಿದವನ ಕಥೆ ಇನ್ನೂ ಸ್ವಾರಸ್ಯ. ಥ್ಯಾಕರೆಗೆ ಇಬ್ಬರು ಸಹಾಯಕರಿದ್ದರು. ಅಂದು ಅವರಲ್ಲೊಬ್ಬನಾದ ಸ್ಟೀವನ್ಸನ್ ಜೊತೆ ಸೆರೆ ಸಿಕ್ಕ ಇನ್ನೊಬ್ಬ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಕಿತ್ತೂರಿನವರು ಜೀವಸಹಿತ ಬಿಟ್ಟರು. ಆಮೇಲೆ ಆತ ನಮ್ಮ ನಾಡಿನ ಕಲ್ಲುಗಳ ಬೆನ್ನು ಹತ್ತಿದ. ಊರೂರಿನ ಕನ್ನಡ ಶಾಸನಗಳನ್ನು ನಕಲು ಮಾಡಿಸಿ, 1837ರಲ್ಲಿ ಅವುಗಳ ಮೇಲೆ ಪ್ರಬಂಧ ಪ್ರಕಟಿಸಿದ. ಮರೆತುಹೋಗಿದ್ದ ಚಾಲುಕ್ಯರ ವಂಶಾವಳಿ ಹೊರಬೀಳತೊಡಗಿದ್ದು ಹೀಗೆ. ಮುಂದೆ ಶಾಸನಗಳನ್ನು ಓದುತ್ತಿದ್ದ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಆ ನಕಲುಗಳನ್ನು ಬಳಸಿಕೊಂಡರು. ಅದೇ ಫ್ಲೀಟ್ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡು, ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ್ದೇ ಸಂಬಳ ತಿನ್ನುತ್ತ!

ಹಾಗೆಂದು ಎಲಿಯಟ್‌ಗೆ ಆರತಿ ಎತ್ತಬೇಕಿಲ್ಲ. 1845ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಸಿದವನೂ ಅವನೇ. ಆ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಹಳ ಕಾಲ ಅವುಗಳನ್ನು ‘ಎಲಿಯಟ್ ಮಾರ್ಬಲ್ಸ್’ ಎಂದೇ ಕರೆಯುತ್ತಿದ್ದರು. ಕೆತ್ತಿದವರ ಹೆಸರಿಲ್ಲ, ಅಗೆಸಿದವನ ಹೆಸರು.

ಹೊಂಗಲದ ಅಕ್ಕ:
ನಮ್ಮ ನಾಟಕದಲ್ಲಿ ಎಲಿಯಟ್ ಇದ್ದ! ತರಗತಿಯ ಎಲ್ಲರಿಗಿಂತ ಕುಳ್ಳ ಹುಡುಗಿಗೆ ಆ ಪಾತ್ರ. ಒಂದೂ ಮಾತಿಲ್ಲ. ಕೈ ಕಟ್ಟಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆವು, ಒಮ್ಮೆ ಪರದೆ ಬಿದ್ದ ಮೇಲೆ ಬಿಚ್ಚುವುದನ್ನೂ ಮರೆತಿದ್ದೆವು. ಅವಳು ಈಗ ಗೋಕಾಕದಲ್ಲಿದ್ದಾಳೆ. ಇಂದೇ ಫೋನ್ ಮಾಡಿ ಚಾಲುಕ್ಯರ ಸಂಗತಿ ಹೇಳುತ್ತೇನೆ. ಅಮರಾವತಿಯದನ್ನು ನಾಳೆ ಹೇಳಿದರಾಯಿತು.