ಸಹಾಯ ಬೇಕು: ‘ಶಿಮೇಯ್’ ಎಂಬ ಕರೆಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ. ದಕ್ಷಿಣ ಸೊಂಗ್ ಅರಸರ ಕಾಲದ (1127–1279) ಚೀನಾದಲ್ಲಿ, ಒಂದೇ ಗುರುವಿನ ಬಳಿ ಕತ್ತಿವರಸೆ ಕಲಿತ ಇಬ್ಬರು ತರುಣರು ಮತ್ತು ಒಬ್ಬ ತರುಣಿಯ ಕಥೆಯನ್ನು ಬರೆಯುತ್ತಿರುವ ನಾನು, ಒಂದು ಕರೆಯ ಬಳಿ ಮೂರು ವಾರಗಳಿಂದ ನಿಂತುಬಿಟ್ಟಿದ್ದೇನೆ.

ಚೀನೀ ಭಾಷೆಯಲ್ಲಿ ತನಗಿಂತ ಮೊದಲು ಶಿಷ್ಯನಾದವನು ‘ಶಿಶ್ಯೋಂಗ್’, ಅನಂತರ ಸೇರಿದವಳು ‘ಶಿಮೇಯ್’. ಅಣ್ಣ, ತಂಗಿ ಎಂಬ ಅರ್ಥ ಆ ಪದಗಳೊಳಗೆ ಇದ್ದರೂ ಅವು ಸೂಚಿಸುವುದು ಗುರುಮನೆಯ ಬಳಗವನ್ನೇ ಹೊರತು ರಕ್ತಸಂಬಂಧವನ್ನಲ್ಲ. ಆದ್ದರಿಂದಲೇ ಅಂಥವರ ನಡುವೆ ಪ್ರೇಮ ಹುಟ್ಟುವುದು ಚೀನಾದ ವೀರಕಥೆಗಳಲ್ಲಿ ತೀರ ಸಹಜ. ಕನ್ನಡದಲ್ಲಿ ‘ತಂಗೀ’ ಎಂದೊಡನೆ ಆ ಪ್ರೇಮಕ್ಕೆ ಜಾಗವೇ ಉಳಿಯುವುದಿಲ್ಲ.

ನನ್ನ ಕಥೆಯ ತಿರುವು ಇರುವುದೇ ಇಲ್ಲಿ. ಗೆಳೆಯನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ನಾಯಕ, ಮಳೆಯಲ್ಲಿ ತೊಯ್ದು ಬಂದು, ಅವಳು ಕೊಟ್ಟಿದ್ದ ಹಸಿರು ಜೇಡ್ ಕಲ್ಲಿನ ಪದಕವನ್ನು ಹೊಸ್ತಿಲ ಮೇಲಿಟ್ಟು, ಅದುವರೆಗೆ ಹೆಸರು ಹಿಡಿದೇ ಕರೆಯುತ್ತಿದ್ದವಳನ್ನು ‘ಶಿಮೇಯ್’ ಎಂದು ಕರೆದು ಹೊರಟುಹೋಗುತ್ತಾನೆ. ಅವನು ಕಾಯ್ದದ್ದು ಸ್ನೇಹದ ನಿಷ್ಠೆಯನ್ನು. ಅವಳಿಗೆ ಕೇಳಿಸಿದ್ದು ತಿರಸ್ಕಾರ.

‘ಗುರುಭಗಿನಿ’ ಎಂದು ಬರೆದು ನೋಡಿದೆ, ಪುರಾಣದ ಮಾತಿನಂತೆ ಬಿಗಿಯಾಯಿತು. ಮೂಲಪದವನ್ನೇ ಉಳಿಸಿಕೊಂಡರೆ ಮೊದಲ ಅಧ್ಯಾಯದಲ್ಲೇ ಓದುಗರ ಕಿವಿಗೆ ಅದನ್ನು ರೂಢಿ ಮಾಡಿಸಬೇಕಾಗುತ್ತದೆ. ‘ನದಿ–ಸರೋವರ’ ಎಂಬ ಅಕ್ಷರಾರ್ಥವಿದ್ದರೂ ಅಲೆಮಾರಿ ವೀರರ ಲೋಕವನ್ನು ಸೂಚಿಸುವ ‘ಜಿಯಾಂಗ್‌ಹು’ ಪದಕ್ಕೂ ಇದೇ ಕಷ್ಟವಿದೆ. ಚೀನೀ ಬಲ್ಲವರು, ಅನುವಾದ ಮಾಡಿದವರು, ಗರಡಿಮನೆಯ ಮಾತು ಬಲ್ಲವರು ದಯವಿಟ್ಟು ತಮಗೆ ಹೊಳೆದ ಪದವನ್ನು, ಸಾಧ್ಯವಾದರೆ ಒಂದು ವಾಕ್ಯದಲ್ಲಿ ಬಳಸಿ, ತಿಳಿಸಿಕೊಡಬೇಕೆಂದು ಕೋರುತ್ತೇನೆ.