ಚಳಿಗಾಲದಲ್ಲಿ ಕರಾವಳಿ ಹಳ್ಳಿಯ ಗಾಳಿ ಕೆಡಿಸುವವರು ಯಾರು?

ಕುಮಟಾ ತವರು: ನಾನು ಇರೋದು ಹುಬ್ಬಳ್ಳಿ, ತವರು ಕುಮಟಾ ಹತ್ತಿರದ ಹಳ್ಳಿ. ಸಂಕ್ರಾಂತಿಗೆ ಹೋದರೆ ಬೆಳಗ್ಗೆ ತೋಟದ ಮೇಲೆ ನೀಲಿ ಹೊಗೆ ನಿಂತೇ ಇರುತ್ತದೆ. ಕಡಲ ಪಕ್ಕ ಗಾಳಿ ಶುದ್ಧ ಅನ್ನೋದು ಮಳೆಗಾಲದ ಮಾತು. ಆಗ ಮಳೆ ತೊಳೆಯುತ್ತದೆ, ಗಾಳಿ ಕಡಲಿಂದ ಬರುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುತ್ತದೆ. ನಮ್ಮ ಬಯಲುಸೀಮೆಯಲ್ಲಿ ಸುಟ್ಟಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಹಾವೇರಿ ಹೊಲ: "ಬಯಲುಸೀಮೆಯಲ್ಲಿ ಸುಟ್ಟಿದ್ದೆಲ್ಲ" ಅಂದ್ರಾ? ಬಂತು ನೋಡಿ, ಕೊನೆಗೆ ರೈತನ ತಲೆಗೇ. ನಿಮ್ಮ ತವರಲ್ಲಿ ಬಚ್ಚಲ ಹಂಡೆಗೆ ತೆಂಗಿನ ಗರಿ, ಸಿಪ್ಪೆ ಒಟ್ಟೋರು ಯಾರು? ಹಾವೇರಿಯಿಂದ ಬಂದು ಒಟ್ಟುತ್ತೇವಾ?

ಧಾರವಾಡ ಮಾಸ್ತರ: ಸುಮ್ನೆ ಜಗಳ ಬೇಡ. 1999ರಲ್ಲಿ ಇಂಡೊಎಕ್ಸ್ ಅಂತ ಹಿಂದೂ ಮಹಾಸಾಗರದ ಮೇಲಿನ ಗಾಳಿಯ ಅಧ್ಯಯನ ಆಯಿತು. ಜನವರಿಯಿಂದ ಮಾರ್ಚ್ ತನಕ ಹಡಗು, ವಿಮಾನ ಕಳಿಸಿ ಅಳೆದರು. ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಕಂದು ಹೊಗೆ ಹರಡಿತ್ತು. ಹೋದದ್ದು ನಮ್ಮ ಕಡೆಯ ನೆಲದಿಂದಲೇ. ಸೌದೆ ಹೊಗೆ ಅಂದರೆ ಬರೀ ಮಸಿ ಅಲ್ಲ, ಸಾವಯವ ಕಣಗಳೂ, ಅಂದರೆ ಪೂರ್ತಿ ಸುಡದ ಸೌದೆಯ ಇಂಗಾಲ ಸಂಯುಕ್ತಗಳ ಕಣಗಳೂ ಇರುತ್ತವೆ. ಜೊತೆಗೆ ಬರುವ ಆವಿ ಬಿಸಿಲಲ್ಲಿ ಬದಲಾಗಿ ಆಮೇಲೆ ಹೊಸ ಕಣ ಆಗುತ್ತದೆ. ಕಾಡಿನ ಮರಗಳೂ ಇಂಥ ಆವಿ ಬಿಡುತ್ತವೆ.

ಹುಬ್ಬಳ್ಳಿ ಪೇಟೆ: ಮರಗಳೂ! ಹಾಗಾದ್ರೆ ಘಟ್ಟ ಕಡಿದುಬಿಡೋಣ, ಕುಮಟಾದವರು ಆರಾಮಾಗಿ ಉಸಿರಾಡಲಿ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕುಮಟಾ ಇಲ್ಲ, ಹುಬ್ಬಳ್ಳಿ-ಧಾರವಾಡ ಇದೆ. ಮೊದಲು ನಮ್ಮ ಧೂಳು ನೋಡಿ.

ಕುಮಟಾ ತವರು: ಅದು ನಗರಗಳ ಪಟ್ಟಿ. ಹಳ್ಳಿಯ ಹೆಸರು ಅದರಲ್ಲಿ ಹೇಗೆ ಬರುತ್ತದೆ?

ಧಾರವಾಡ ಮಾಸ್ತರ: ಕಾಡು ಕಡಿಯಿರಿ ಅಂತ ನಾನೆಲ್ಲಿ ಹೇಳಿದೆ? ಹಳ್ಳಿಯಲ್ಲಿ ದೊಡ್ಡ ಮೂಲ ಅಡುಗೆ ಒಲೆ. ಚಳಿ ರಾತ್ರಿ ನೆಲ ತಣ್ಣಗಾಗಿ, ಬೆಚ್ಚಗಿನ ಗಾಳಿ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ ಕೆಳಗೇ ಉಳಿಯುತ್ತದೆ. 2016ರಲ್ಲೇ ಉಜ್ವಲ ಯೋಜನೆ ಬಂತು, ಇನ್ನೂ ಒಲೆ ಯಾಕೆ?

ಹಾವೇರಿ ಹೊಲ: ಯಾಕೆ ಅಂದ್ರೆ ರೊಟ್ಟಿ ಯಾಕೆ ಅಂತ ಕೇಳಿದ ಹಾಗೆ. ಹಂಚಿನ ಮೇಲೆ ನೀರು ಸವರಿ, ತಿರುವಿ, ಆಮೇಲೆ ಕೆಂಡದ ಮುಂದೆ ಆನಿಸಿ ಇಟ್ಟರೆ ಉಬ್ಬುತ್ತದಲ್ಲ, ಅದು ಗ್ಯಾಸ್ ಮೇಲೆ ಬರಲ್ಲ. ಖಾನಾವಳಿಯವರನ್ನ ಕೇಳಿ.

ಹುಬ್ಬಳ್ಳಿ ಪೇಟೆ: ಬರಲ್ಲ ಅನ್ನೋದು ಸುಳ್ಳು. ನಮ್ಮನೇಲಿ ದಿನಾ ಗ್ಯಾಸ್ ಮೇಲೇ ಉಬ್ಬುತ್ತದೆ.

ಹಾವೇರಿ ಹೊಲ: ಉಬ್ಬಬಹುದು, ರುಚಿ? ಪೇಟೆಯವರು ಖಡಕ್ ರೊಟ್ಟಿ ಪ್ಯಾಕೆಟ್‌ನಲ್ಲಿ ತಗೊಂಡು ನಮಗೆ ರೊಟ್ಟಿ ಕಲಿಸ್ತೀರಿ.

ಹುಬ್ಬಳ್ಳಿ ಪೇಟೆ: ಪ್ಯಾಕೆಟ್ ಅಂತೆ! ನಮ್ಮವ್ವ ಬಡಿಯೋ ರೊಟ್ಟಿ ಒಮ್ಮೆ ತಿಂದು ಮಾತಾಡಿ.

ಗದಗಿನ ಅಕ್ಕ: ರುಚಿ ಹೇಳೋರು ಗಂಡಸರು, ಕಣ್ಣು ಒರೆಸಿಕೊಳ್ಳೋರು ನಾವು. ಹಸಿ ಹತ್ತಿಕಟ್ಟಿಗೆ ಒಲೆಗಿಟ್ಟು ಅರ್ಧ ತಾಸು ಊದುಗೊಳವೆ ಊದಿ ನೋಡ್ರಿ, ಆಮೇಲೆ ಉಬ್ಬಿದ್ದೋ ಇಲ್ಲೋ ಹೇಳ್ರಿ. ಸಿಲಿಂಡರ್ ಕೊಟ್ಟರು, ಸರಿ. ತುಂಬಿಸೋ ದುಡ್ಡು? ಮನೇಲಿ ಸಿಲಿಂಡರ್ ಮೂಲೇಲಿ ಕೂತಿದೆ, ಮೇಲೆ ಜೋಳದ ಡಬ್ಬಿ.

ಧಾರವಾಡ ಮಾಸ್ತರ: ದುಡ್ಡಿನ ಮಾತು ಬೇರೆ, ಅಕ್ಕಾರ. ಪಿಎಂ 2.5 ಅಂದರೆ ಉಸಿರಲ್ಲಿ ಒಳಗೆ ಹೋಗುವ ತೀರಾ ಸಣ್ಣ ಕಣ. ಅದು ವರ್ಷದ ಸರಾಸರಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಿದೆ. ನಮ್ಮ ದೇಶದ ಮಿತಿಯೇ 40.

ಗದಗಿನ ಅಕ್ಕ: ಬೇರೆ ಅಂತ ನೀವು ಹೇಳಿದ್ರೆ ಆಯ್ತಾ? ಅದೇ ಮುಖ್ಯ. ನಿಮ್ಮ 5, 40 ಎಲ್ಲ ನನ್ನ ಒಲೆ ಹತ್ತಿರ ಬಂದು ಅಳೀರಿ.

ಹಾವೇರಿ ಹೊಲ: ನೋಡಿ, 40 ತನಕ ನಡೆಯುತ್ತದೆ ಅಂತ ಸರ್ಕಾರವೇ ಹೇಳಿದೆ. ಮತ್ತೇನು ತಕರಾರು?

ಕುಮಟಾ ತವರು: ನಡೆಯುತ್ತದೆ ಅಂತ ಯಾರು ಹೇಳಿದರು? ಅಂದ ಹಾಗೆ ನಾನು ಕೇಳಿದ್ದು ಕಡಲ ಪಕ್ಕದ ಗಾಳಿ ಬಗ್ಗೆ. ರಾತ್ರಿ ನೆಲದ ಗಾಳಿ ಹೊಗೆಯನ್ನು ಕಡಲಿಗೆ ತಳ್ಳುತ್ತದೆ, ಹಗಲು ಕಡಲ ಗಾಳಿ ಒಂದಷ್ಟನ್ನು ತಿರುಗಿ ತರುತ್ತದೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಹಾವೇರಿ ಹೊಲ: ತಿರುಗಿ ಬರುತ್ತದಲ್ಲ, ಹಾಗಾದ್ರೆ ಅದು ನಿಮ್ಮದೇ ಹೊಗೆ. ನಮ್ಮ ಹೆಸರು ಯಾಕೆ?

ಹುಬ್ಬಳ್ಳಿ ಪೇಟೆ: ಪ್ಯಾಕೆಟ್ ರೊಟ್ಟಿ ಅಂದಿದ್ದಕ್ಕೆ ಮೊದಲು ಉತ್ತರ ಕೊಡಿ.