ಸಿಪಾನಿ ಡಾಲ್ಫಿನ್: ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ, ಹೆಡ್ ಬಿಚ್ಚಬೇಕಾ?

ನೀರ್ಚಾಲಿನ ಡಾಲ್ಫಿನ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1984ರ ಸಿಪಾನಿ ಡಾಲ್ಫಿನ್ ಉಂಟು. ಸೋದರಮಾವ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ತೆಗೆದುಕೊಂಡದ್ದು. ಅವರು ಊರಿಗೆ ಬಂದ ಮೇಲೆ ಹನ್ನೊಂದು ವರ್ಷ ನಮ್ಮ ಅಡಿಕೆ ಕೊಟ್ಟಿಗೆಯಲ್ಲೇ ನಿಂತಿತ್ತು. ಈ ಕಾರು ನೋಡದವರಿಗಾಗಿ ಹೇಳುತ್ತೇನೆ: ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ ತಂದು ಬೆಂಗಳೂರಿನಲ್ಲಿ ಮಾಡಿದ್ದು. ಎರಡು ಬಾಗಿಲು, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. ಕೆಳಗೆ ಕಬ್ಬಿಣದ ಚಾಸಿ, ಮೇಲೆ ಪೂರ್ತಿ ಫೈಬರ್ ಬಾಡಿ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಇಂಥ ಸಣ್ಣ ಕಾರುಗಳನ್ನು ಕೇಳುವವರು ಕಡಿಮೆಯಾದರು. ಹಾಗಾಗಿ ಇವತ್ತು ಪಾರ್ಟ್ಸ್ ಸಿಗುವುದು ಬಹಳ ಕಷ್ಟ.

ನನ್ನ ಬಜೆಟ್ ಒಟ್ಟು 40,000. ಟಯರು, ಬ್ಯಾಟರಿ, ಬ್ರೇಕಿನ ರಬ್ಬರುಗಳು, ಪೆಟ್ರೋಲ್ ಟ್ಯಾಂಕ್ ಕ್ಲೀನಿಂಗ್ ಅಂತ ಈಗಾಗಲೇ 27,000 ಖರ್ಚಾಗಿದೆ. ಗಾಡಿ ಓಡುತ್ತದೆ. ಬದಿಯಡ್ಕಕ್ಕೆ ಹೋಗಿ ಬರುತ್ತೇನೆ.

ಸಮಸ್ಯೆ ಇದು. ಹಗಲು ಟೆಂಪರೇಚರ್ ಮುಳ್ಳು ಸರಿಯಾಗಿ ಮಧ್ಯದಲ್ಲಿ ಇರುತ್ತದೆ. ರಾತ್ರಿ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕೆಂಪು ಗೆರೆ ಮುಟ್ಟುತ್ತದೆ. ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರೆ ನೀರು ಕುದಿಯುವುದಿಲ್ಲ, ಕಡಿಮೆಯೂ ಆಗಿಲ್ಲ. ಒಬ್ಬ ಮೆಕ್ಯಾನಿಕ್ ನೋಡಿ ಹೆಡ್ ಗ್ಯಾಸ್ಕೆಟ್ (ಎಂಜಿನಿನ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗಿನ ಸೀಲ್) ಹೋಗಿದೆ, ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ಅಡಿ ಸಮತಟ್ಟು ಮಾಡಿಸಬೇಕು, 18,000 ಆಗುತ್ತದೆ ಅಂದರು. ಅಷ್ಟು ದುಡ್ಡು ಈಗ ಇಲ್ಲ. ನಿಜವಾಗಿ ಬಿಚ್ಚಬೇಕಾ? ದಯವಿಟ್ಟು ಹೇಳಿ.

ಪೆರ್ಲದ ಪದ್ಮಿನಿ:

ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆಗೆದು ಓಡಿಸಿ ನೋಡಿ. ನನ್ನ ಪದ್ಮಿನಿ ಕಾರಿನಲ್ಲಿ ಅದನ್ನು ತೆಗೆದ ಮೇಲೆ ಬಿಸಿಯ ಉಪದ್ರ ನಿಂತಿತು. ಖರ್ಚೂ ಇಲ್ಲ.

ಉಪ್ಪಳದ ವಯರ್‌ಮ್ಯಾನ್:

ಥರ್ಮೋಸ್ಟಾಟ್ ತೆಗೆಯುವುದು ಬೇಡ. ತೆಗೆದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಸಂಶಯ ಇದ್ದರೆ ಬಿಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ದಾರ ಕಟ್ಟಿ ಇಳಿಬಿಡಿ. ಅದರ ಮೇಲೆ ಕೆತ್ತಿದ ಡಿಗ್ರಿಯ ಹತ್ತಿರ ತೆರೆಯಬೇಕು, ತಣಿದಾಗ ಮುಚ್ಚಬೇಕು. ಅಷ್ಟಾದರೆ ಅದು ಸರಿ ಉಂಟು.

ನೀರ್ಚಾಲಿನವರೇ, ಹೆಡ್‌ಗೆ ಸ್ಪಾನರ್ ಹಾಕುವ ಮೊದಲು ನನ್ನ ಮೂರು ಪ್ರಶ್ನೆಗೆ ಉತ್ತರ ಕೊಡಿ.

ಒಂದು, ಹಗಲು ಗಾಡಿ ಬಿಸಿಯಾಗಿ ಮುಳ್ಳು ಮಧ್ಯದಲ್ಲಿ ಇರುವಾಗ ಸುಮ್ನೆ ನಿಂತಲ್ಲೇ ಹೆಡ್‌ಲೈಟ್ ಹಾಕಿ. ಮುಳ್ಳು ಏಳುತ್ತದಾ? ಎಷ್ಟು ಸೆಕೆಂಡಿನಲ್ಲಿ? ಎರಡು, ಆಗ ಪೆಟ್ರೋಲ್ ಮುಳ್ಳನ್ನೂ ನೋಡಿ. ಅದೂ ಏಳುತ್ತದಾ? ಮೂರು, ಪಾರ್ಕ್ ಲೈಟ್ ಹಾಕಿ ಒಂದು ಬದಿಯ ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಂಕಾಗಿ ಮಿನುಗುತ್ತದಾ?

ನೀರ್ಚಾಲಿನ ಡಾಲ್ಫಿನ್:

ಅಣ್ಣ, ಈಗಷ್ಟೇ ನೋಡಿ ಬಂದೆ. ಮೂರಕ್ಕೂ ಹೌದು! ಹೆಡ್‌ಲೈಟ್ ಹಾಕಿದರೆ ಹದಿನೈದು ಸೆಕೆಂಡಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತದೆ, ಲೈಟ್ ಆರಿಸಿದರೆ ಹಾಗೇ ಇಳಿಯುತ್ತದೆ. ಪೆಟ್ರೋಲ್ ಅರ್ಧ ಟ್ಯಾಂಕ್ ಇದ್ದದ್ದು ಮುಕ್ಕಾಲು ತೋರಿಸಿತು. ಇದನ್ನು ನಾನು ಇಷ್ಟು ದಿನ ಗಮನಿಸಲೇ ಇಲ್ಲ. ವೈಪರ್ ಕೂಡ ರಾತ್ರಿ ನಿಧಾನ.

ಉಪ್ಪಳದ ವಯರ್‌ಮ್ಯಾನ್:

ಹಾಗಾದರೆ ಹೆಡ್ ಬಿಚ್ಚಬೇಡಿ ಮಾರಾಯ್ರೇ. ಎಂಜಿನಿನ ನೀರು ಹದಿನೈದು ಸೆಕೆಂಡಿನಲ್ಲಿ ಅಷ್ಟು ಬಿಸಿಯಾಗಿ, ಮತ್ತೆ ಹದಿನೈದು ಸೆಕೆಂಡಿನಲ್ಲಿ ತಣಿಯಲು ಸಾಧ್ಯವೇ ಇಲ್ಲ. ಹೆಡ್‌ಲೈಟ್ ಹಾಕಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಹುಟ್ಟುವುದೂ ಇಲ್ಲ ಅಲ್ವಾ? ಎರಡು ಮುಳ್ಳೂ ಒಟ್ಟಿಗೆ ಸುಳ್ಳು ಹೇಳುತ್ತಿವೆ ಅಂದರೆ ಎರಡಕ್ಕೂ ಸೇರಿದ ಒಂದು ಕಡೆ ತಪ್ಪಿದೆ. ಅದು ಅರ್ತ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ.

ನಿಮ್ಮದು ಫೈಬರ್ ಬಾಡಿ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ತ್. ಬಲ್ಬನ್ನು ಎಲ್ಲಿ ಸಿಕ್ಕಿಸಿದರೂ ಕರೆಂಟು ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಪ್ರತಿ ದೀಪ, ಮೀಟರ್, ಹಾರ್ನ್, ವೈಪರ್ ಎಲ್ಲದಕ್ಕೂ ಬೇರೆ ಅರ್ತ್ ವಯರ್ ಇರುತ್ತದೆ. ಅವೆಲ್ಲ ಕೆಳಗಿನ ಚಾಸಿಯಲ್ಲಿ ಎರಡು ಮೂರು ಬೋಲ್ಟಿನಲ್ಲಿ ಕೂಡುತ್ತವೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಮೇಲಿಂದ ಕಡಲ ಗಾಳಿಯ ಉಪ್ಪು. ಆ ಬೋಲ್ಟು ಹನ್ನೊಂದು ವರ್ಷ ತುಕ್ಕು ಹಿಡಿಯದೆ ಇರುತ್ತದಾ?

ಮಳೆಗಾಲದಲ್ಲಿ ತೋಟದ ಕಣಿಯಲ್ಲಿ (ನೀರು ಹರಿಯುವ ಕಾಲುವೆಯಲ್ಲಿ) ಅಡಿಕೆ ಸೋಗೆ ಬಿದ್ದು ಕಟ್ಟಿಕೊಂಡರೆ ಏನಾಗುತ್ತದೆ? ಸ್ವಲ್ಪ ನೀರಿದ್ದರೆ ಹೇಗೋ ಜಿನುಗಿ ಹೋಗುತ್ತದೆ. ಜೋರು ಮಳೆ ಬಂದರೆ ಸೋಗೆಯ ಹಿಂದೆ ನೀರಿನ ಮಟ್ಟ ಏರಿ ಪಕ್ಕದ ಸಾಲಿಗೆ ನುಗ್ಗುತ್ತದೆ. ನಿಮ್ಮ ಕಾರಿನಲ್ಲೂ ಅದೇ. ಹಗಲು ಮೀಟರುಗಳ ಸಣ್ಣ ಕರೆಂಟು ತುಕ್ಕಿನ ನಡುವೆಯೂ ದಾಟುತ್ತದೆ. 60/55 ವ್ಯಾಟಿನ ಎರಡು ಹ್ಯಾಲೋಜನ್ ಹಾಕಿದರೆ ಡಿಮ್‌ನಲ್ಲೇ ಸುಮಾರು 9 ಆಂಪಿಯರ್ ಬರುತ್ತದೆ. ಆಗ ಅರ್ತ್ ಬೋಲ್ಟಿನಲ್ಲಿ ವೋಲ್ಟೇಜ್ ಏರುತ್ತದೆ. ಇಂಡಿಕೇಟರಿನ ಕರೆಂಟು ಪಕ್ಕದ ಬಲ್ಬಿಗೆ ನುಗ್ಗುವುದೂ ಹಿಂದಿನ ಅರ್ತ್ ಹೀಗೇ ಕಟ್ಟಿಕೊಂಡದ್ದಕ್ಕೆ.

ಇನ್ನು ಮುಳ್ಳು ಏರುವುದು ಯಾಕೆ? ಆ ಕಾಲದ ಎಷ್ಟೋ ಕಾರುಗಳಲ್ಲಿ ಮೀಟರಿನ ಹಿಂದೆ ಬೆಂಕಿಪೆಟ್ಟಿಗೆಗಿಂತ ಸಣ್ಣ ತಗಡಿನ ಡಬ್ಬಿ ಇರುತ್ತದೆ. ಅದು ವೋಲ್ಟೇಜ್ ಸ್ಟೆಬಿಲೈಸರ್. ಪೆಟ್ರೋಲ್, ಟೆಂಪರೇಚರ್ ಎರಡು ಮೀಟರಿಗೂ ಸುಮಾರು 10 ವೋಲ್ಟ್ ಕೊಡುವುದು ಅದರ ಕೆಲಸ. ಅದು ಲೆಕ್ಕ ಹಾಕುವುದು ತನ್ನ ಅರ್ತಿನಿಂದ. ಅರ್ತೇ 2 ವೋಲ್ಟ್ ಮೇಲೆ ನಿಂತರೆ ಅದು ಕೊಡುವುದೂ ಅಷ್ಟು ಮೇಲೆ ಹೋಗುತ್ತದೆ. ಆದರೆ ಸೆನ್ಸರಿನ ಅರ್ತ್ ಎಂಜಿನ್ನೇ, ಅದು ಸರಿ ಇದೆ. ಹಾಗಾಗಿ ಮೀಟರಿಗೆ ಜಾಸ್ತಿ ಕರೆಂಟು ಹೋಗಿ ಮುಳ್ಳು ಏರುತ್ತದೆ.

ಪರೀಕ್ಷೆ ಮಾಡಲು 300 ರೂಪಾಯಿಯ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಇಡಿ, ಕ್ಲಿಪ್ಪಿಗೆ ಬೇಡ. ಕೆಂಪು ಕಡ್ಡಿಯನ್ನು ಮೀಟರಿನ ಹಿಂದಿನ ಅರ್ತ್ ವಯರಿಗೆ ಇಡಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿ. 0.2 ವೋಲ್ಟಿನ ಒಳಗೆ ಇದ್ದರೆ ನಾನು ಹೇಳಿದ್ದು ತಪ್ಪು. ಜಾಸ್ತಿ ಇದ್ದರೆ ಒಂದು ಉದ್ದದ ವಯರನ್ನು ಬ್ಯಾಟರಿ ಮೈನಸ್‌ನಿಂದ ಅದೇ ಜಾಗಕ್ಕೆ ಮುಟ್ಟಿಸಿ ಮುಳ್ಳನ್ನು ನೋಡಿ.

ಕುಂಬಳೆ ಲೇತ್:

ಲೇತ್ ಕೆಲಸ ಮಾಡುವವನು ನಾನು, ಒಂದು ಮಾತು ಸೇರಿಸುತ್ತೇನೆ. ಈ ಎಂಜಿನಿನಲ್ಲಿ ವೆಟ್ ಲೈನರ್. ಅಂದರೆ ಪಿಸ್ಟನ್ ಓಡುವ ಕಬ್ಬಿಣದ ಕೊಳವೆಯಾದ ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುತ್ತದೆ, ಅದರ ಬುಡದಲ್ಲಿ ಒಂದು ಸೀಲ್ ಇರುತ್ತದೆ. ಹೆಡ್ ತೆಗೆದ ಮೇಲೆ ಲೈನರುಗಳನ್ನು ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೆದ್ದು ಬುಡದ ಸೀಲ್ ಹೋಗುತ್ತದೆ, ನೀರು ಆಯಿಲಿಗೆ ಇಳಿಯುತ್ತದೆ. ಇದು ಗೊತ್ತಿಲ್ಲದವರ ಕೈಯಲ್ಲಿ ಬಿಚ್ಚಿಸಿದರೆ ಇಲ್ಲದ ಕೆಲಸ ಹುಟ್ಟುತ್ತದೆ. ಗ್ಯಾಸ್ಕೆಟ್ ಹೋಗಿದ್ದರೆ ಗುರುತು ಬೇರೆ ಇರುತ್ತದೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ಒಂದೇ ಸಮ ಬರುತ್ತದಾ ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆಯಾ ನೋಡಿ.

ಮತ್ತೆ, ನೀವು ಯಾವ ನೀರು ಹಾಕುತ್ತಿದ್ದೀರಿ?

ನೀರ್ಚಾಲಿನ ಡಾಲ್ಫಿನ್:

ಬೋರ್‌ವೆಲ್ ನೀರು.

ಕುಂಬಳೆ ಲೇತ್:

ಅದನ್ನು ಇವತ್ತೇ ನಿಲ್ಲಿಸಿ. ಅಲ್ಯೂಮಿನಿಯಂ ಬ್ಲಾಕ್, ಕಬ್ಬಿಣದ ಲೈನರ್, ನಡುವೆ ಲವಣದ ನೀರು ಅಂದರೆ ಅಲ್ಯೂಮಿನಿಯಂ ಒಳಗಿಂದಲೇ ಸವೆಯುತ್ತದೆ. ರಾಡಿ ಲೈನರಿನ ಬುಡದಲ್ಲಿ ಕೂರುತ್ತದೆ. ಕೆಳಗಿನ ಹೋಸ್ ಬಿಚ್ಚಿ, ಸ್ವಚ್ಛ ನೀರು ಬರುವ ತನಕ ತೊಳೆಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಮೂರನೇ ಒಂದು ಪಾಲು ಕೂಲೆಂಟ್ ಸೇರಿಸಿ ತುಂಬಿ. ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಆದರೆ ತುಕ್ಕು ತಡೆಯಲು ಕೂಲೆಂಟ್ ಬೇಕೇ ಬೇಕು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ನೀರ್ಚಾಲಿನ ಡಾಲ್ಫಿನ್:

ಇವತ್ತು ಇಡೀ ದಿನ ಕಾರಿನ ಅಡಿಯಲ್ಲೇ ಇದ್ದೆ. ಮಲ್ಟಿಮೀಟರ್ ತಂದು ನೋಡಿದೆ: ಲೈಟ್ ಇಲ್ಲದಾಗ 0.15, ಹೆಡ್‌ಲೈಟ್ ಹಾಕಿದಾಗ 1.9 ವೋಲ್ಟ್! ವಯರ್ ಮುಟ್ಟಿಸಿದ ಕೂಡಲೇ ಹೆಡ್‌ಲೈಟ್ ಬೆಳ್ಳಗೆ ಬೆಳಗಿತು, ಎರಡು ಮುಳ್ಳೂ ನಿಧಾನಕ್ಕೆ ಇಳಿದು ತಮ್ಮ ಜಾಗಕ್ಕೆ ಬಂದವು. ಅಮ್ಮನನ್ನು ಕರೆದು ತೋರಿಸಿದೆ.

ಆಮೇಲೆ ಆ ವಯರು ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿದೆ. ರೇಡಿಯೇಟರಿನ ಪಕ್ಕ ಚಾಸಿಯಲ್ಲಿ ಒಂದು ಬೋಲ್ಟ್. ಮೇಲೆ ಕೆಂಪು ಮಣ್ಣಿನ ದಪ್ಪ ಪದರ. ಅದನ್ನು ಕೆರೆದರೆ ಐದು ವಯರು ಒಂದೇ ಕಡೆ. ಮೂರರ ಲಗ್ಗಿನ (ವಯರಿನ ತುದಿಯ ಲೋಹದ ಬಳೆಯ) ಮೇಲೆ ಹಸಿರು ಪುಡಿ, ಒಂದು ವಯರು ಬೆರಳು ತಾಗಿದ ಕೂಡಲೇ ತುಂಡಾಗಿ ಕೈಗೆ ಬಂತು. ಬೋಲ್ಟಿನ ಕೆಳಗೆ ಚಾಸಿ ಪದರ ಪದರವಾಗಿ ಎದ್ದಿತ್ತು, ಹಪ್ಪಳದ ಹಾಗೆ. ಮೀಟರಿನದ್ದೂ ಹೆಡ್‌ಲೈಟಿನದ್ದೂ ಅಲ್ಲೇ ಕೂಡಿತ್ತು.

ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಆಯಿಲಿನ ಬಣ್ಣ ಸರಿ ಉಂಟು. ಇನ್ನು ಅರ್ತ್ ಹೇಗೆ ಮಾಡುವುದು?

ಉಪ್ಪಳದ ವಯರ್‌ಮ್ಯಾನ್:

ತುಂಬ ಸಂತೋಷ ಆಯಿತು. ಈಗ ಅವಸರ ಮಾಡಬೇಡಿ, ಕೆಲಸ ಗಟ್ಟಿಯಾಗಲಿ.

ಹಳೆ ಬೋಲ್ಟನ್ನು ನಂಬಬೇಡಿ. ಪಕ್ಕದಲ್ಲಿ ಗಟ್ಟಿ ಜಾಗ ನೋಡಿ ಎಮರಿ ಪೇಪರಿನಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ. ಹೊಸ ಬೋಲ್ಟ್, ಹಲ್ಲಿನ ವಾಷರ್, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಮೊದಲೇ ಸವರಬೇಡಿ. ಮೀಟರಿನ ಅರ್ತನ್ನು ಹೆಡ್‌ಲೈಟಿನ ಜೊತೆ ಸೇರಿಸಬೇಡಿ, ಅದಕ್ಕೆ ಬೇರೆಯೇ ವಯರ್ ಎಳೆದು ನೇರ ಬ್ಯಾಟರಿ ಮೈನಸ್‌ಗೆ ಕೊಡಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನಿಗೆ ಹೋಗುವ ದಪ್ಪ ಪಟ್ಟಿಯನ್ನೂ ನೋಡಿ. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿದೆ, ಆ ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಬೇರೆ ಯಾವುದಾದರೂ ಸಣ್ಣ ಕೇಬಲ್ಲಿನಲ್ಲಿ ಹರಿದು ಅದು ಸುಟ್ಟುಹೋಗಬಹುದು. ಹಿಂದಿನ ದೀಪಗಳಿಗೂ ಇದೇ ರೀತಿ ಮಾಡಿ.

ಪೆರ್ಲದ ಪದ್ಮಿನಿ:

ನಾನು ಹೇಳಿದ್ದು ಈ ಗಾಡಿಗೆ ಸರಿ ಆಗುತ್ತಿರಲಿಲ್ಲ. ನನ್ನ ಪದ್ಮಿನಿಗೂ ಥರ್ಮೋಸ್ಟಾಟ್ ವಾಪಸ್ ಹಾಕಿಸುತ್ತೇನೆ.

ನೀರ್ಚಾಲಿನ ಡಾಲ್ಫಿನ್:

ಎಲ್ಲ ಮುಗಿಯಿತು. ವಯರು, ಲಗ್ಗು, ಬೋಲ್ಟು ಸೇರಿ 640 ರೂಪಾಯಿ, ಕೂಲೆಂಟು ಬೇರೆ. ಈಗ ಹೆಡ್‌ಲೈಟ್ ಹಾಕಿದರೆ 0.08 ವೋಲ್ಟ್. ನಿನ್ನೆ ರಾತ್ರಿ ಮಾವನನ್ನು ಕೂರಿಸಿಕೊಂಡು ಕುಂಬಳೆಗೆ ಹೋಗಿ ಬಂದೆ, ಮುಳ್ಳು ಅಲ್ಲಾಡಲಿಲ್ಲ. ಅವರು ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.

ಒಂದೇ ಒಂದು ಬಾಕಿ ಉಂಟು. ಬಲಬದಿಯ ಬಾಗಿಲಿನ ಹಿಂಜಿನ ಹತ್ತಿರ ಫೈಬರ್ ಒಂದು ಗೇಣು ಸೀಳಿದೆ. ಪೇಂಟಿನವರು ಪುಟ್ಟಿ ತುಂಬುತ್ತೇನೆ ಅನ್ನುತ್ತಾರೆ.

ಕಸಬ ಕಡಪ್ಪುರ:

ಪುಟ್ಟಿ ಬೇಡ, ಬಾಗಿಲು ನಾಲ್ಕು ಸಲ ಹಾಕಿದರೆ ಉದುರುತ್ತದೆ. ನಿಮಗೆ ಬೇಕಾದ ಕೆಲಸಗಾರರು ಕಾರಿನ ವರ್ಕ್‌ಶಾಪಿನಲ್ಲಿ ಅಲ್ಲ, ಕಡಲ ಬದಿಯಲ್ಲಿ ಇದ್ದಾರೆ. ಮೀನಿನ ಫೈಬರ್ ದೋಣಿ ರಿಪೇರಿ ಮಾಡುವವರಿಗೆ ಇದು ದಿನಾ ಮಾಡುವ ಕೆಲಸ. ಸೀಳಿನ ತುದಿಯಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಒಳಬದಿಯಿಂದ ಇಳಿಜಾರಾಗಿ ಉಜ್ಜಿ ಗಾಜಿನ ನಾರಿನ ಮ್ಯಾಟ್ ಮತ್ತು ಅಂಟಿನಂಥ ರೆಸಿನ್ ಮೂರು ಪದರ ಕೂರಿಸುತ್ತಾರೆ, ಪ್ರತಿ ಪದರ ಮೊದಲಿನದ್ದಕ್ಕಿಂತ ಅಗಲ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದ ಮೇಲೆ ಮಾಡಿಸಿ, ಒದ್ದೆಯ ಮೇಲೆ ರೆಸಿನ್ ಹಿಡಿಯುವುದಿಲ್ಲ. ನೀವೂ ಹತ್ತಿರ ನಿಲ್ಲುವುದಾದರೆ ಕನ್ನಡಕ ಹಾಕಿ, ರೆಸಿನ್ ಗಟ್ಟಿಯಾಗಲು ಸೇರಿಸುವ ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ಅಪಾಯ. ಹಿಂಜಿನ ಬೋಲ್ಟಿನ ಹಿಂದೆ ಒಂದು ಅಲ್ಯೂಮಿನಿಯಂ ತಗಡು ಇಟ್ಟು ಬಿಗಿ ಮಾಡಿಸಿ, ಭಾರ ಒಂದೇ ಕಡೆ ಬೀಳುವುದಿಲ್ಲ.

ಬಾಗಿಲು ಬಿಚ್ಚಿ ತನ್ನಿ, ಇಡೀ ಕಾರು ತರಬೇಕಾಗಿಲ್ಲ.